ಹಾಲಿಲ್ಲದ ಮನೆ ಐಸ್: ಕೂಡ್ಲಿಗಿ–ಹಡಗಲಿ ಸೀಮೆಯ ಚರಿತ್ರೆ

ಹಾಲು, ಕೆನೆ, ಖೋವಾ ಯಾವುದನ್ನೂ ಸೇರಿಸದೆ ಹಣ್ಣಿನ ರಸ, ಬೆಲ್ಲದ ಪಾನಕ, ತೆಂಗಿನಕಾಯಿ ಹಾಲು, ಶೇಂಗಾ ಹಾಲು ಮುಂತಾದವನ್ನು ಗಡ್ಡೆಗಟ್ಟಿಸಿ ಮನೆಯಲ್ಲೇ ಮಾಡಿಕೊಳ್ಳುವ ತಂಪು ಸಿಹಿಗಳ ಚರಿತ್ರೆಯಿದು. ಕಡ್ಡಿಗೆ ಹಿಡಿಸಿದ ಐಸ್‌ಕ್ಯಾಂಡಿ, ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಕಟ್ಟಿದ ‘ಪೆಪ್ಸಿ’, ಕೆರೆದು ಲೋಟಕ್ಕೆ ಹಾಕಿದ ರಸದ ಐಸ್, ಮಿಕ್ಸಿಯಲ್ಲಿ ತಿರುವಿದ ಬಾಳೆಹಣ್ಣಿನ ಐಸ್ ಎಲ್ಲವೂ ಇದರೊಳಗೆ ಬರುತ್ತವೆ. ಇಲ್ಲಿ ಲಕ್ಷ್ಯವಿಟ್ಟಿರುವ ಸೀಮೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆ ಮಾಡಿದಾಗ ಹೊಸಪೇಟೆಯ ಜೊತೆಗೆ ಈ ಐದೂ ಅದರ ಪಾಲಿಗೆ ಬಂದವು. ಮಳೆ ಕಡಿಮೆ, ಬಿಸಿಲು ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿಯ ಆಸುಪಾಸಿನ ಶಾಖ ಇಲ್ಲಿ ಹೊಸದೇನಲ್ಲ.

ಹಾಲಿಲ್ಲದ ಐಸ್ ಎಂದರೆ ಪಟ್ಟಣದವರ ಈಚಿನ ಆಹಾರವ್ರತವೆಂದು ತಿಳಿಯುವವರಿದ್ದಾರೆ. ಈ ಸೀಮೆಯ ಮಟ್ಟಿಗೆ ಅದು ಸರಿಯಲ್ಲ. ಇಲ್ಲಿನ ಸಾಮಾನ್ಯ ಮನೆಗಳಿಗೆ ಮೊದಲು ಪರಿಚಯವಾದ ಐಸ್ ಹಾಲಿಲ್ಲದ್ದೇ. ಅದರೊಳಗಿನ ಸಿಹಿ, ಹುಳಿ, ಪರಿಮಳಗಳು ಬಹಳ ಹಳೆಯವು. ತಡವಾಗಿ ಬಂದದ್ದು ಗಡ್ಡೆಗಟ್ಟಿಸುವಷ್ಟು ತಂಪು ಮಾತ್ರ.

ಪಾನಕದ ಹಿನ್ನೆಲೆ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಭಾಗದ ಬಹುಪಾಲು ನೊಳಂಬವಾಡಿಗೆ ಸೇರಿತ್ತು. ಕೋಗಳಿ-500 ಅದರೊಳಗಿನ ನಾಡು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿ. ಅದೇ ವಂಶದ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ ಅರಸನ ಊಟದ ಜೊತೆಗೆ ಕುಡಿಯುವ ನೀರು ಮತ್ತು ಪಾನಕಗಳನ್ನೂ ವಿವರಿಸುತ್ತದೆ. 16ನೇ ಶತಮಾನದ ಮೂರನೇ ಮಂಗರಸನ ಕನ್ನಡ ‘ಸೂಪಶಾಸ್ತ್ರ’ದಲ್ಲಿಯೂ ಪಾನಕಗಳಿಗೆ ಸ್ಥಳವಿದೆ.

ಅರಮನೆಯ ಮಾತು ಹಾಗಿರಲಿ, ಜನರ ಪಾನಕ ಇನ್ನೂ ಸರಳ. ರಾಮನವಮಿಗೆ ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿದ ಪಾನಕ. ಬೇಲದ ಹಣ್ಣು ಸಿಕ್ಕಾಗ ಅದರ ತಿರುಳನ್ನು ಕಿವುಚಿದ ಪಾನಕ. ಹುಣಸೆಹಣ್ಣು ನೆನೆಸಿ ಹಿಂಡಿದ ಹುಳಿಸಿಹಿ ನೀರು. ಬಳ್ಳಾರಿಯಿಂದ ರಾಯಲಸೀಮೆಯವರೆಗೆ ಬೇಸಿಗೆಯಲ್ಲಿ ನನ್ನಾರಿ ಶರಬತ್ತಿನ ಬಾಟಲಿ ಇಲ್ಲದ ಅಂಗಡಿ ಅಪರೂಪ. ಕೂಡ್ಲಿಗಿ ಕಡೆಯ ಹೊಲದ ಬದುಗಳಲ್ಲೂ ರಸ್ತೆಬದಿಗಳಲ್ಲೂ ಹುಣಸೆಮರಗಳು ದಂಡಿಯಾಗಿವೆ, ಗುಡ್ಡಗಳಲ್ಲಿ ಸೀತಾಫಲವಿದೆ, ಹಗರಿಬೊಮ್ಮನಹಳ್ಳಿ ಕಡೆ ದಾಳಿಂಬೆ ತೋಟಗಳಿವೆ. ಇವೆಲ್ಲ ಹಾಲಿನ ಹಂಗಿಲ್ಲದ ರುಚಿಗಳು.

ತಂಪು ಮಾಡುವ ಉಪಾಯ ಒಂದೇ ಇತ್ತು. ಮಣ್ಣಿನ ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಣಹವೆಯ ಈ ಸೀಮೆಯಲ್ಲಿ ಅದು ಕರಾವಳಿಗಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ದಾರಿಹೋಕರಿಗಾಗಿ ಅರವಟ್ಟಿಗೆ ಇಡಿಸುವುದು ಪುಣ್ಯವೆಂದು ಶಾಸನಗಳ ಕಾಲದಿಂದಲೂ ನಂಬಿಕೆಯಿದೆ. ಆದರೆ ಹರವಿ ನೀರನ್ನು ತಣ್ಣಗೆ ಮಾಡೀತು, ಗಡ್ಡೆಗಟ್ಟಿಸಲಾರದು.

ಐಸ್ ಬಂದ ದಾರಿ

ಉತ್ತರದಲ್ಲಿ ಈ ಕೊರತೆಗೆ ಬೇರೆ ಉತ್ತರಗಳಿದ್ದವು. ಅಬುಲ್ ಫಜಲ್‌ನ ‘ಐನ್-ಇ-ಅಕ್ಬರಿ’ ಪೆಟ್ಲುಪ್ಪಿನಿಂದ ನೀರು ತಂಪು ಮಾಡುವ ಕ್ರಮವನ್ನು ಹೇಳುತ್ತದೆ; 1586ರ ಹೊತ್ತಿಗೆ ಅಕ್ಬರನ ಲಾಹೋರಿಗೆ ಬೆಟ್ಟಗಳಿಂದ ಹಿಮ ತರಿಸುತ್ತಿದ್ದರು. ಅಲಹಾಬಾದಿನ ಕಡೆ ಚಳಿಗಾಲದ ತಿಳಿ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಮಣ್ಣಿನ ತಟ್ಟೆಗಳನ್ನಿಟ್ಟು ನೀರನ್ನು ಐಸ್ ಮಾಡುತ್ತಿದ್ದುದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಬರೆದು ತಿಳಿಸಿದ. ಆ ಉಪಾಯ ನಮ್ಮ ಸೀಮೆಗೆ ಹೊಂದುವಂಥದ್ದಲ್ಲ. ಇಲ್ಲಿನ ಚಳಿಗಾಲದ ರಾತ್ರಿಗಳು ಅಷ್ಟು ತಣ್ಣಗಾಗುವುದಿಲ್ಲ.

ಮುಂದಿನದು ಹಡಗಿನ ಐಸ್. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳಲ್ಲಿ ಕೊಯ್ಸಿದ ಐಸ್ 1833ರಲ್ಲಿ ಕೋಲ್ಕತ್ತಕ್ಕೆ ಬಂದಿಳಿಯಿತು. 1842ರಲ್ಲಿ ಮದರಾಸಿನ ಕಡಲತೀರದಲ್ಲಿ ಐಸ್ ಹೌಸ್ ಎದ್ದಿತು. ಅದೇ ಇಂದಿನ ವಿವೇಕಾನಂದ ಭವನ. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲೇ ಇತ್ತಾದರೂ ಆ ಐಸ್ ದೊರೆಗಳ ಮೇಜಿನದು, ಹರಪನಹಳ್ಳಿಯ ರೈತನ ಮನೆಯದಲ್ಲ.

ಐಸ್ ಮತ್ತು ಉಪ್ಪು ಬೆರೆತರೆ ಮಿಶ್ರಣದ ಶಾಖ ಸೊನ್ನೆಯಿಂದ ಕೆಳಗೆ 21 ಡಿಗ್ರಿಯವರೆಗೂ ಇಳಿಯಬಲ್ಲದು. ಈ ತತ್ತ್ವವನ್ನೇ ಹಿಡಿದು ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಕೈಯಲ್ಲಿ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಮರದ ಬಕೀಟಿನೊಳಗೆ ಲೋಹದ ಡಬ್ಬಿ, ಸುತ್ತ ಐಸ್ ಮತ್ತು ಉಪ್ಪು, ಮೇಲೊಂದು ಹಿಡಿಕೆ. ಮನೆಯಲ್ಲಿ ಐಸ್ ಮಾಡುವ ಕಲೆ ಇಲ್ಲಿಂದ ಸಲೀಸಾಯಿತು. ಬಳ್ಳಾರಿ ಸೀಮೆಯಲ್ಲಿ ಉಪ್ಪಾರರು ಸವಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು. ಉಪ್ಪಿತ್ತು, ಐಸ್ ಇರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಹಾಯ್ದು ಕೊಟ್ಟೂರಿಗೆ ರೈಲು ಬಂದಿತು, ಆದರೆ ಐಸ್ ಮಾಡಲು ಬೇಕಾದ ಕರೆಂಟು ಇನ್ನೂ ದೂರವಿತ್ತು.

ಕರೆಂಟು, ಜಾತ್ರೆ, ಫ್ರಿಜ್ಜು

1953 ಈ ಸೀಮೆಗೆ ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಆ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದವು; ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದದ್ದೂ ಅದೇ ವರ್ಷ. ಅಣೆಕಟ್ಟೆಯ ವಿದ್ಯುತ್ತು ಬಂದ ಮೇಲಿನ ದಶಕಗಳಲ್ಲಿ ಪೇಟೆಗಳಿಗೂ ಆಮೇಲೆ ಹಳ್ಳಿಗಳಿಗೂ ತಂತಿ ಎಳೆದರು. ಐಸ್ ಫ್ಯಾಕ್ಟರಿ ಇರುವ ಊರಿನಿಂದ ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಐಸ್‌ಕ್ಯಾಂಡಿ ಮಾರುವವರು ಬಂದರು. ನೀರು, ಸಕ್ಕರೆ ಅಥವಾ ಸ್ಯಾಕರಿನ್, ಕೆಂಪು–ಹಳದಿ ಬಣ್ಣ, ಒಂದಿಷ್ಟು ಎಸೆನ್ಸು. ಅಗ್ಗಕ್ಕೆ ಸಿಗಬೇಕಾದ್ದರಿಂದ ಅದಕ್ಕೆ ಹಾಲು ಹಾಕುವ ಮಾತೇ ಇರಲಿಲ್ಲ. ಕಡ್ಡಿ ಚುಚ್ಚಿದ ಐಸ್ ಹೊಸ ಜಗತ್ತಿನ ಕೊಡುಗೆ. ಅಮೆರಿಕದ ಫ್ರಾಂಕ್ ಎಪರ್ಸನ್ ಅದಕ್ಕೆ 1924ರಲ್ಲಿ ಪೇಟೆಂಟ್ ಪಡೆದಿದ್ದರು.

ಈ ಸೀಮೆಯ ದೊಡ್ಡ ಜಾತ್ರೆಗಳು ಬರುವುದೂ ಬಿಸಿಲೇರುವ ಕಾಲದಲ್ಲೇ. ಭರತ ಹುಣ್ಣಿಮೆಯ ಮೈಲಾರದ ಕಾರಣಿಕ, ಫೆಬ್ರುವರಿಯ ಆಸುಪಾಸಿನ ಕೊಟ್ಟೂರೇಶ್ವರನ ತೇರು, ಶಿವರಾತ್ರಿಯ ಸುತ್ತಿನ ಕುರುವತ್ತಿ ಜಾತ್ರೆ, ಬೇಸಿಗೆಯ ಉಜ್ಜಿನಿ ಜಾತ್ರೆ. ಐಸ್ ತಿನ್ನುವ ಅಭ್ಯಾಸ ಹಳ್ಳಿಯ ಮಕ್ಕಳಿಗೆ ಅಂಟಿದ್ದರಲ್ಲಿ ಈ ಬಯಲುಗಳ ಪಾಲು ದೊಡ್ಡದು.

ಗೋದ್ರೆಜ್ ಕಂಪನಿ 1958ರಲ್ಲಿ ದೇಶದೊಳಗೇ ಫ್ರಿಜ್ಜು ತಯಾರಿಸಿತಾದರೂ ಇಲ್ಲಿನ ಮಧ್ಯಮ ವರ್ಗದ ಅಡುಗೆಮನೆಗೆ ಅದು ಕಾಲಿಟ್ಟದ್ದು ಬಹಳ ತಡವಾಗಿ. ಮನೆ ಐಸಿನ ನಿಜವಾದ ಚರಿತ್ರೆ ಶುರುವಾಗುವುದು ಅಲ್ಲಿಂದ. ಸ್ಟೀಲ್ ಲೋಟಕ್ಕೆ ನಿಂಬೆ ಶರಬತ್ತು ಸುರಿದು ನಡುವೆ ಚಮಚ ನಿಲ್ಲಿಸಿ ಫ್ರೀಜರಿನಲ್ಲಿಟ್ಟ ಮಕ್ಕಳೇ ಇದರ ಮೊದಲ ತಯಾರಕರು. ಫ್ರಿಜ್ಜಿದ್ದ ಕೆಲವು ಮನೆಗಳ ಹೆಂಗಸರು ರಸ್ನಾ ಬೆರೆಸಿ ‘ಪೆಪ್ಸಿ’ ಕೊಳವೆಗಳಿಗೆ ತುಂಬಿ ಬಾಗಿಲಲ್ಲೇ ಮಾರಿ ಸಂಸಾರಕ್ಕೆ ನಾಲ್ಕು ಕಾಸು ಕೂಡಿಸಿದರು. ಆಹಾರದ ಇತಿಹಾಸ ಬರೆಯುವವರು ಇಂಥ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅನ್ಯಾಯ. 2023ರ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಟ್ಟದ್ದು ಫ್ರಿಜ್ಜಿನ ಖರ್ಚಿನ ಅಂಜಿಕೆಯನ್ನು ಇನ್ನಷ್ಟು ತಗ್ಗಿಸಿತು.

ಮಾಡುವ ಬಗೆ

ಹಾಲಿನ ಐಸ್‌ಕ್ರೀಮನ್ನು ಮೆದುವಾಗಿಡುವುದು ಅದರ ಕೊಬ್ಬು, ಪ್ರೋಟೀನು ಮತ್ತು ಕಡೆಯುವಾಗ ಒಳಸೇರುವ ಗಾಳಿ. ಇವಿಲ್ಲದ ಕಡೆ ಆ ಭಾರವನ್ನೆಲ್ಲ ಸಿಹಿಯೇ ಹೊರಬೇಕು. ಸಕ್ಕರೆ ಕರಗಿದ ನೀರು ಸೊನ್ನೆಗಿಂತ ಕೆಳಗೆ ಹೋದ ಮೇಲೆಯೇ ಗಡ್ಡೆಗಟ್ಟಲು ತೊಡಗುತ್ತದೆ; ಸಿಹಿ ಕಡಿಮೆಯಾದರೆ ಐಸ್ ಕಲ್ಲಾಗುತ್ತದೆ, ವಿಪರೀತವಾದರೆ ಕಟ್ಟುವುದೇ ಇಲ್ಲ. ಲೀಟರು ಪಾನಕಕ್ಕೆ ಸುಮಾರು 200 ಗ್ರಾಂ ಬೆಲ್ಲ ಒಳ್ಳೆಯ ಹದ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಒಂದಷ್ಟು ಗ್ಲೂಕೋಸ್, ಫ್ರಕ್ಟೋಸ್ ಇರುವುದರಿಂದ ಅದರ ಐಸ್ ತುಸು ಮೆದುವಾಗಿರುತ್ತದೆ. ತಂಪಿನಲ್ಲಿ ನಾಲಿಗೆಗೆ ಸಿಹಿ ಮಂದವಾಗುತ್ತದಾದ್ದರಿಂದ ಕುಡಿಯುವ ಪಾನಕಕ್ಕಿಂತ ಒಂದು ಕೈ ಮುಂದೆಯೇ ಇರಬೇಕು.

ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬೇಗ ಕಟ್ಟುತ್ತದೆ. ಬೇಗ ಕಟ್ಟಿದಷ್ಟೂ ಹರಳು ಸಣ್ಣದು. ಅರ್ಧ ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆರೆಯುತ್ತಿದ್ದರೆ ಹುಣಸೆ ಪಾನಕವೂ ನನ್ನಾರಿಯೂ ಉದುರುದುರಾದ ಐಸ್ ಆಗುತ್ತವೆ. ಈ ಎರಡಕ್ಕೆ ಸಮನಾದ ಮನೆ ಐಸ್ ಈ ಸೀಮೆಯಲ್ಲಿ ಬೇರೆಯಿಲ್ಲವೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಕೆನೆಯ ನಯ ಬೇಕಿದ್ದವರಿಗೆ ಬಾಳೆಹಣ್ಣಿದೆ. ಚೆನ್ನಾಗಿ ಕಳಿತ ಹಣ್ಣನ್ನು ಹೆಚ್ಚಿ, ಗಡ್ಡೆಗಟ್ಟಿಸಿ ಮಿಕ್ಸಿಯಲ್ಲಿ ತಿರುವಿದರೆ ಅದರ ತಿರುಳೇ ಬೆಣ್ಣೆಯಂತೆ ಒಂದುಗೂಡುತ್ತದೆ. ಸೀತಾಫಲದ ತಿರುಳೂ ಹೀಗೆಯೇ. ಬೀಜ ತೆಗೆಯುವ ತಾಳ್ಮೆ ಬೇಕು.

ಶೇಂಗಾ ಈ ಒಣನೆಲದ ಬೆಳೆ. ಕಾಳನ್ನು ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಸೋಸಿ, ಚೆನ್ನಾಗಿ ಕುದಿಸಿದರೆ ಹಾಲು ಸಿದ್ಧ. ಬೆಲ್ಲ, ಏಲಕ್ಕಿ ಕೂಡಿಸಿ ಅದನ್ನು ಕುಲ್ಫಿ ಅಚ್ಚಿಗೆ ಹಾಕಬಹುದು. ಬೂಸಲು ಹಿಡಿದ ಕಾಳು ಒಂದೂ ಸೇರಬಾರದು. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕುದಿಸಿದರೂ ಹೋಗುವುದಿಲ್ಲ. ಶೇಂಗಾದ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪಾನೀಯ ರೂಪಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅದು ಹಾಲನ್ನು ಹಿಗ್ಗಿಸುವ ಉಪಾಯವಾಗಿತ್ತು, ಹಾಲನ್ನು ಬಿಡುವುದಲ್ಲ.

ನೀರಿನ ವಿಷಯ ಮರೆಯುವಂತಿಲ್ಲ. ಫ್ರೀಜರು ರೋಗಾಣುಗಳನ್ನು ಸುಮ್ಮನಾಗಿಸುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಈ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ. ಹಾಗಾಗಿ ಕುಡಿಯಲು ತರುವ ಶುದ್ಧ ನೀರನ್ನೇ ಐಸಿಗೂ ಬಳಸಬೇಕು. ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಕಟ್ಟಿಸಿ ಮಕ್ಕಳಿಗೆ ಕೊಡಬಾರದು.

ಯಾರಿಗೆ ಬೇಕು, ಕಾನೂನು ಏನೆನ್ನುತ್ತದೆ

ದೊಡ್ಡವರಾದ ಮೇಲೆ ಹಾಲಿನ ಲ್ಯಾಕ್ಟೋಸ್ ಅರಗದಿರುವುದು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚು. ಹಾಗೆ ಅರಗದವರಿಗೆ ಹೊಟ್ಟೆಯುಬ್ಬರ, ಭೇದಿ ಕಾಡುತ್ತವೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿರುವ ಮಕ್ಕಳ ತೊಂದರೆ ಇದಕ್ಕಿಂತ ಬೇರೆ, ಇದಕ್ಕಿಂತ ಅಪಾಯಕಾರಿ. ಅಂಥ ಮನೆಯವರು ಒಂದು ಸಂಗತಿಯನ್ನು ಗಟ್ಟಿಯಾಗಿ ತಿಳಿದಿರಬೇಕು. ಅಂಗಡಿಯಲ್ಲಿ ‘ಫ್ರೋಜನ್ ಡೆಸರ್ಟ್’ ಎಂದು ಮಾರುವುದು ಸಾಮಾನ್ಯವಾಗಿ ಹಾಲಿಲ್ಲದ್ದಲ್ಲ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬಿರುತ್ತದೆ. ಹಾಲಿನ ಪುಡಿ, ಪ್ರೋಟೀನು ಇದ್ದೇ ಇರುತ್ತವೆ. ಐಸ್‌ಕ್ಯಾಂಡಿಗೆ ಕಾನೂನಿನಲ್ಲಿ ಪ್ರತ್ಯೇಕ ವ್ಯಾಖ್ಯೆಯಿದ್ದು, ಅದರಲ್ಲಿ ಸಕ್ಕರೆಯ ಅಂಶ ಶೇ 10ಕ್ಕಿಂತ ಕಡಿಮೆಯಿರಬಾರದು. ಪ್ರಾಣಿಜನ್ಯವಾದ ಯಾವುದೂ ಇಲ್ಲದ ಆಹಾರಕ್ಕೆ 2022ರಲ್ಲಿ ವೀಗನ್ ಆಹಾರದ ನಿಯಮಗಳೂ ಪ್ರತ್ಯೇಕ ಗುರುತೂ ಬಂದಿವೆ.

ಮನೆಯಲ್ಲಿ ಮಾಡಿ ಮಾರುವವರು ಬಣ್ಣದ ಪುಡಿ, ಎಸೆನ್ಸುಗಳ ಕೈಬಿಟ್ಟು ಕೂಡ್ಲಿಗಿಯ ಹುಣಸೆಗೂ ಹಗರಿಬೊಮ್ಮನಹಳ್ಳಿಯ ದಾಳಿಂಬೆಗೂ ಮರಳಬೇಕು. ಎಷ್ಟೇ ಸಣ್ಣ ಪ್ರಮಾಣದಲ್ಲಿ ಮಾರಿದರೂ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸುವುದು ಕಡ್ಡಾಯ.