ರಿಮ್ಮಿನ ಅಂಗುಲ, ರಸ್ತೆಯ ಗುಂಡಿ

ಈ ಲೇಖನ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯ ಮುಂದೆಯೋ ಕಾಲೇಜಿನ ಹತ್ತಿರವೋ ನಿಂತಿರುವ ಯಾವುದಾದರೂ ಕಾರಿನ ಟೈರನ್ನು ಬಗ್ಗಿ ನೋಡಿ. ಅದರ ಪಕ್ಕದಲ್ಲಿ 185/65 ಆರ್14 ಎಂಬಂಥ ಬರಹ ಇರುತ್ತದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ಒಳಗಿನ ಲೋಹದ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ! ಹೀಗೆ ಉತ್ತರ ಬರೆದರೆ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಅಂಕ ಕೊಡುತ್ತಿರಲಿಲ್ಲ. ಆದರೆ ಈ ಕಲಬೆರಕೆಯ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅದನ್ನು ನಾನೂ ತಡವಾಗಿ ಓದಿದೆ. ಓದುವ ಹಾಗೆ ಮಾಡಿದವನು ನನ್ನ ಅಕ್ಕನ ಮಗ. ಅವನ ಕಥೆಗೆ ಆಮೇಲೆ ಬರುತ್ತೇನೆ.

ಎತ್ತಿನ ಗಾಡಿಯ ಚಕ್ರ ಏಕೆ ಅಷ್ಟು ದೊಡ್ಡದು ಎಂದು ಎಂದಾದರೂ ಯೋಚಿಸಿದ್ದೀರಾ? ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರಕ್ಕೆ ಮೆತ್ತನೆಯ ಗುಣವಿಲ್ಲ. ಹಳ್ಳ ದಿಣ್ಣೆಗಳನ್ನು ದಾಟಲು ಅದಕ್ಕಿರುವ ಒಂದೇ ಉಪಾಯ ದೊಡ್ಡದಾಗಿರುವುದು. ಪೈಥಾಗೊರಸನ ಪ್ರಮೇಯದಿಂದ ಇದನ್ನು ನೀವೇ ಲೆಕ್ಕ ಹಾಕಬಹುದು. ರಸ್ತೆಯಲ್ಲಿ 30 ಸೆಂ.ಮೀ. ಅಗಲದ ಗುಂಡಿಯಿದೆ ಎನ್ನಿ. ಚಕ್ರದ ತ್ರಿಜ್ಯದ ವರ್ಗದಿಂದ ಗುಂಡಿಯ ಅರ್ಧ ಅಗಲದ ವರ್ಗವನ್ನು ಕಳೆಯಿರಿ. ಉಳಿದುದರ ವರ್ಗಮೂಲವನ್ನು ತ್ರಿಜ್ಯದಿಂದ ಕಳೆದರೆ ಚಕ್ರ ಗುಂಡಿಯೊಳಗೆ ಎಷ್ಟು ಇಳಿಯುತ್ತದೆಂದು ತಿಳಿಯುತ್ತದೆ. 30 ಅಂಗುಲ ವ್ಯಾಸದ ಚಕ್ರ ಸುಮಾರು 3 ಸೆಂ.ಮೀ. ಇಳಿದರೆ, 20 ಅಂಗುಲದ್ದು ಹತ್ತಿರಹತ್ತಿರ 5 ಸೆಂ.ಮೀ. ಇಳಿಯುತ್ತದೆ.

ಎರಡನೆಯ ಉಪಾಯ ಗಾಳಿ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿಯ ಟೈರು ಕಟ್ಟಿದ ಮೇಲೆ ಈ ವಿದ್ಯೆ ಲೋಕಕ್ಕೆ ಹರಡಿತು. ಥಾಮ್ಸನನ ಹಳೆಯ ಪೇಟೆಂಟು ಹೊರಬಿದ್ದಾಗ ಡನ್‌ಲಪ್ಪನ ಪೇಟೆಂಟು ಊರ್ಜಿತವಾಗಲಿಲ್ಲ ಎಂಬುದು ಬೇರೆ ಮಾತು. 1895ರಲ್ಲಿ ಮಿಶೆಲಿನ್ ಸೋದರರು ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟಕ್ಕೆ ಗಾಳಿ ಟೈರಿನ ಕಾರು ತಂದರು. ದಾರಿಯುದ್ದಕ್ಕೂ ಪಂಚರ್ ಆಗಿ ಕಾಲಮಿತಿ ಮೀರಿತು. ಆದರೂ ಗಾಳಿಯ ಮೇಲೆ ಕಾರು ಓಡಬಲ್ಲುದೆಂದು ನೋಡಿದವರಿಗೆ ಗೊತ್ತಾಯಿತು.

ಈಗ ಹೇಳುವ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಓದಿ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂಚಕ್ರದ ಟೈರಿಗೆ 30×3½ ಎಂದು ಹೆಸರು. 30 ಅಂಗುಲ ಎಂದರೆ ಟೈರಿನ ಹೊರವ್ಯಾಸ. 3½ ಅಂಗುಲ ಗಾಳಿಯ ಕೊಳವೆಯ ದಪ್ಪ. ಒಳಗಿನ ರಿಮ್ಮು 23 ಅಂಗುಲದ್ದು, ಆದರೆ ಅದನ್ನು ಕೊಳ್ಳುವವನು ಕೇಳಬೇಕಾಗಿಯೇ ಇರಲಿಲ್ಲ. ರಸ್ತೆಗೆ ಮುಟ್ಟುವ ಅಳತೆಯೇ ಟೈರಿನ ಹೆಸರಾಗಿತ್ತು. 1920ರ ದಶಕದಲ್ಲಿ ‘ಬಲೂನ್’ ಟೈರು ಬಂತು. ಮಾಡೆಲ್ ಟಿಯ ಕೊನೆಯ ವರ್ಷಗಳ ಕಾರುಗಳಲ್ಲಿ ಗಾಳಿಯ ದಪ್ಪ 4.40 ಅಂಗುಲಕ್ಕೆ ಏರಿತು, ರಿಮ್ಮು 21 ಅಂಗುಲಕ್ಕೆ ಇಳಿಯಿತು, ಹೊರವ್ಯಾಸ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ಕೆಟ್ಟ ರಸ್ತೆಯಲ್ಲಿ ಸುಖವಾಗಿ ಹೋಗಲು ಆ ಕಾಲದವರು ಲೋಹವನ್ನು ಕಡಿಮೆ ಮಾಡಿ ಗಾಳಿಯನ್ನು ಹೆಚ್ಚಿಸಿದರು. ಕಾಲಕ್ರಮದಲ್ಲಿ ಟೈರನ್ನು ರಿಮ್ಮಿನ ವ್ಯಾಸದಿಂದ ಕರೆಯುವ ವಾಡಿಕೆ ಬೆಳೆಯಿತು. ಹೆಸರಿನಲ್ಲಿದ್ದ ಹೊರವ್ಯಾಸ ಮಾಯವಾಯಿತು. ಇಂದು ಅಂಗಡಿಯಲ್ಲಿ ಹುಡುಗರು ‘ಹದಿನಾರು’, ‘ಹದಿನೇಳು’ ಎಂದು ಹೆಮ್ಮೆಯಿಂದ ಹೇಳುವುದು ಲೋಹದ ಅಳತೆಯನ್ನು ಮಾತ್ರ.

ಚಿಕ್ಕ ಚಕ್ರದ ಕಾರು ವೇಗವಾಗಿ ಓಡುವುದಿಲ್ಲ ಎಂದುಕೊಂಡಿದ್ದೀರಾ? ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಬರ ಬಂದ ಮೇಲೆ ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರ್ 10 ಅಡಿ ಉದ್ದದ ಮಿನಿ ಕಾರನ್ನು ರೂಪಿಸಿದ. 1959ರಲ್ಲಿ ಅದು ಮಾರುಕಟ್ಟೆಗೆ ಬಂತು. ಒಳಗೆ ಜನರಿಗೆ ಜಾಗ ಬೇಕೆಂದು ಚಕ್ರವನ್ನು 10 ಅಂಗುಲಕ್ಕೆ ಇಳಿಸಿದ್ದ. ಅದಕ್ಕೆ ಡನ್‌ಲಪ್ ಕಂಪನಿ ಪ್ರತ್ಯೇಕವಾಗಿ ಟೈರು ತಯಾರಿಸಬೇಕಾಯಿತು. ಹೊರವ್ಯಾಸ ಸುಮಾರು 20 ಅಂಗುಲ. ಒಂದು ಕಿಲೋಮೀಟರಿಗೆ ಅದು ಸುಮಾರು 630 ಸುತ್ತು ಸುತ್ತಬೇಕು, ಮಾಡೆಲ್ ಟಿಯ ಚಕ್ರಕ್ಕೆ 420 ಸಾಕು. 1961ರಲ್ಲಿ ಜಾನ್ ಕೂಪರ್ ಇದೇ ಕಾರನ್ನು ವೇಗದ ಕಾರಾಗಿಸಲು ಹೊರಟಾಗ ತೊಡಕಾದದ್ದು ಗುಂಡಿಯಲ್ಲ, ಬ್ರೇಕು. 10 ಅಂಗುಲದ ರಿಮ್ಮಿನೊಳಗೆ ಡಿಸ್ಕ್ ಬ್ರೇಕ್ ಹಿಡಿಸಬೇಕು. 7 ಅಂಗುಲದ ಪುಟ್ಟ ಡಿಸ್ಕನ್ನು ಅದರೊಳಗೆ ಕೂಡಿಸಿದರು. ಆ ಮಿನಿ ಕೂಪರ್ ಕಾರುಗಳು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದವು.

ದೊಡ್ಡ ರಿಮ್ಮಿಗೆ ಒಂದು ನ್ಯಾಯವಾದ ಕಾರಣ ಇರುವುದು ಇಲ್ಲಿಯೇ. ಎಂಜಿನ್ನಿನ ಶಕ್ತಿ ಏರಿದಂತೆ ದೊಡ್ಡ ಬ್ರೇಕು ಬೇಕು, ಅದಕ್ಕೆ ದೊಡ್ಡ ರಿಮ್ಮು ಬೇಕು. ಇನ್ನೊಂದು ಕಾರಣವೂ ಉಂಟು. ತಿರುವಿನಲ್ಲಿ ಎತ್ತರದ ಟೈರು ಪಕ್ಕಕ್ಕೆ ಬಳುಕುತ್ತದೆ. ಗಿಡ್ಡ ಟೈರು ಬಳುಕುವುದು ಕಡಿಮೆ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನಿಂದ (ನೀವು ಓದಿದ ‘ಆರ್’ ಅಕ್ಷರ ಅದೇ) ಮುಂದೆ ಇಂಥ ಗಿಡ್ಡ ಟೈರುಗಳು ಸಾಧ್ಯವಾದವು. 1970ರ ದಶಕದಲ್ಲಿ ಸ್ಪೋರ್ಟ್ಸ್ ಕಾರುಗಳು ಅವನ್ನು ತೊಟ್ಟವು. ನಯವಾದ ಹೆದ್ದಾರಿಯಲ್ಲಿ ಅವು ಒಳ್ಳೆಯವೇ.

ನಮ್ಮಲ್ಲಿ ಅಂಬಾಸಡರಿಗೆ 15 ಅಂಗುಲದ ರಿಮ್ಮು, ಪ್ರೀಮಿಯರ್ ಪದ್ಮಿನಿಗೆ 14. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ಕ್ಕೆ 12. ಚಿಕ್ಕಂದಿನಲ್ಲಿ ನಾನು ಎಲ್ಲದರಲ್ಲೂ ಕೂತಿದ್ದೇನೆ. ಅಂಬಾಸಡರ್ ತೂಗುತ್ತಿತ್ತು, ಮಾರುತಿ ಕುಕ್ಕುತ್ತಿತ್ತು. ಅಷ್ಟು ನೆನಪಿದೆ.

ಇನ್ನು ಅಕ್ಕನ ಮಗನ ವಿಷಯ. ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿದಾಗ ಅವನು ಒಂದು ಚುರುಕಾದ ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡ. ಅದರಲ್ಲಿ 185/65 ಆರ್14 ಟೈರುಗಳಿದ್ದವು. “ಮಾಮ, ಹದಿನೇಳರ ಅಲಾಯ್ ಹಾಕಿಸ್ಲಾ?” ಎಂದು ಫೋನಿನಲ್ಲಿ ಕೇಳಿದ. ನಾನು ಯಾವುದೋ ಧ್ವನಿಮುದ್ರಣದ ನಡುವೆ ಇದ್ದೆ. “ಹಾಕಿಸಪ್ಪ, ಚೆನ್ನಾಗಿ ಕಾಣತ್ತೆ” ಎಂದುಬಿಟ್ಟೆ. ಬಿ.ಎಸ್ಸಿ. ಓದಿದವನು ಕಾಗದದ ಮೇಲೆ ಎರಡು ಗುಣಾಕಾರ ಮಾಡಲಿಲ್ಲ. ಮಳೆಗಾಲದ ಒಂದು ರಾತ್ರಿ ಅಕ್ಕನನ್ನು ಕೂರಿಸಿಕೊಂಡು ಬರುವಾಗ ನೀರು ತುಂಬಿದ ಗುಂಡಿಗೆ ಮುಂದಿನ ಎಡಚಕ್ರ ಬಿತ್ತು. ಟೈರಿನ ಪಕ್ಕ ಸೀಳಿತು, ರಿಮ್ಮು ಬಿರುಕುಬಿಟ್ಟಿತು, ಕಾರು ಎಡಕ್ಕೆ ಎಳೆದು ಫುಟ್‌ಪಾತಿನ ಕಲ್ಲಿಗೆ ಒರಗಿ ನಿಂತಿತು. ಅಲ್ಲಿ ಯಾರೂ ನಡೆಯುತ್ತಿರಲಿಲ್ಲ. ಅಕ್ಕ ನನಗೆ ಏನೂ ಅನ್ನಲಿಲ್ಲ, ಆ ಫೋನಿನ ಮಾತು ಅವಳಿಗೆ ಗೊತ್ತೂ ಇರಲಿಲ್ಲ.

ಆಮೇಲೆ ಮಾಡಿದ ಲೆಕ್ಕ ಇದು. 185ರ ಶೇಕಡಾ 65 ಎಂದರೆ ಸುಮಾರು 120 ಮಿ.ಮೀ. 14 ಅಂಗುಲ ಎಂದರೆ 355.6 ಮಿ.ಮೀ. ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಹೊರವ್ಯಾಸ 596 ಮಿ.ಮೀ. ಅವನು ಹಾಕಿಸಿದ್ದು 205/40 ಆರ್17. ಗೋಡೆ 82 ಮಿ.ಮೀ., ರಿಮ್ಮು 431.8, ಹೊರವ್ಯಾಸ ಮತ್ತೆ 596! ಸ್ಪೀಡೋಮೀಟರ್ ತಪ್ಪು ತೋರಿಸದಿರಲು ಹೊರವ್ಯಾಸವನ್ನು ಹೀಗೆ ಕಾಪಾಡುತ್ತಾರೆ. ಆದ್ದರಿಂದ ‘ದೊಡ್ಡ ಚಕ್ರ’ ಹಾಕಿಸಿದರೂ ಗುಂಡಿಯ ಲೆಕ್ಕದಲ್ಲಿ ಚಕ್ರ ಒಂದಿಷ್ಟೂ ದೊಡ್ಡದಾಗಿರಲಿಲ್ಲ. 30 ಸೆಂ.ಮೀ. ಗುಂಡಿಗೆ ಎರಡೂ 4 ಸೆಂ.ಮೀ. ಇಳಿಯುತ್ತವೆ. ಹೋದದ್ದು 38 ಮಿ.ಮೀ. ಎತ್ತರದ ಗಾಳಿ. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅದೇ ಶಕ್ತಿಯನ್ನು ಕಡಿಮೆ ದೂರದಲ್ಲಿ ತಡೆದರೆ ಬಲ ಹೆಚ್ಚು. ಗಿಡ್ಡ ಟೈರಿಗೆ ಎಳೆದುಕೊಳ್ಳಲು ಕೈಯೇ ಇಲ್ಲ. ಗುಂಡಿಯ ಅಂಚು ಮತ್ತು ರಿಮ್ಮಿನ ಅಂಚಿನ ನಡುವೆ ರಬ್ಬರು ಸಿಕ್ಕಿ ಒಳಗಿನ ದಾರಗಳು ಕಡಿಯುತ್ತವೆ.

“ಆದರೆ ರೇಸಿನವರು ದೊಡ್ಡ ರಿಮ್ಮೇ ಹಾಕ್ತಾರಲ್ಲ ಮಾಮ” ಎಂದ ಅವನು. ಫಾರ್ಮುಲಾ ಒನ್ ಕಾರುಗಳು 2021ರವರೆಗೂ ದಶಕಗಳ ಕಾಲ ಓಡಿದ್ದು 13 ಅಂಗುಲದ ರಿಮ್ಮಿನ ಮೇಲೆ. 18ಕ್ಕೆ ಬಂದದ್ದು 2022ರಲ್ಲಿ. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಕಾರುಗಳಂತೂ ಟಾರು ರಸ್ತೆಯಲ್ಲಿ 18 ಅಂಗುಲದ ರಿಮ್ಮನ್ನೂ ಜಲ್ಲಿಕಲ್ಲಿನ ಹಾದಿಯಲ್ಲಿ 15 ಅಂಗುಲದ್ದನ್ನೂ ತೊಡುತ್ತವೆ. ಕೆಟ್ಟ ರಸ್ತೆಯಲ್ಲಿ ಎಲ್ಲರಿಗಿಂತ ವೇಗವಾಗಿ ಹೋಗಬೇಕಾದವರು ಆರಿಸಿಕೊಳ್ಳುವುದು ಚಿಕ್ಕ ರಿಮ್ಮನ್ನು. ನಮ್ಮ ನಗರದ ರಸ್ತೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಹಾಗಾಗಿ ಚುರುಕಾದ ಕಾರು ಬೇಕು, ರಸ್ತೆ ಮಾತ್ರ ಇದೇ ಎನ್ನುವವರಿಗೆ ನನ್ನ ಸಲಹೆ ಇಷ್ಟು. ಬ್ರೇಕು ಹಿಡಿಸುವಷ್ಟು ರಿಮ್ಮು ಇದ್ದರೆ ಸಾಕು, ಉಳಿದ ಜಾಗ ಗಾಳಿಗೆ ಬಿಡಿ. ಹೊರವ್ಯಾಸವನ್ನೂ ಟೈರು ಹೊರಬಲ್ಲ ಭಾರವನ್ನೂ ಕಂಪನಿ ಹೇಳಿದಂತೆಯೇ ಇಟ್ಟುಕೊಳ್ಳಿ. ಅಕ್ಕನ ಮಗ ಈಗ 195/55 ಆರ್15 ಹಾಕಿಸಿದ್ದಾನೆ. ಗೋಡೆ 107 ಮಿ.ಮೀ. ಅವನ ಆಸೆಗೂ ನನ್ನ ಲೆಕ್ಕಕ್ಕೂ ನಡುವಿನ ರಾಜಿ ಅದು. ಬಿರುಕುಬಿಟ್ಟ ರಿಮ್ಮು ಅಕ್ಕನ ಮನೆಯ ತಾರಸಿಯಲ್ಲಿದೆ. ಮುಂದಿನ ಕಂತಿನ ಚಿತ್ರೀಕರಣಕ್ಕೆ ಅದನ್ನು ಸ್ಟುಡಿಯೋಗೆ ತರಿಸುತ್ತಿದ್ದೇನೆ, ಬಿರುಕನ್ನು ಹತ್ತಿರದಿಂದ ತೋರಿಸಬಹುದು.