ಕಾರಿನ ಚರ್ಮದ ಆಸನಗಳ ಆರೈಕೆ

ಕಾರಿನ ಚರ್ಮದ ಆಸನಗಳ ಆರೈಕೆ ಎಂದರೆ ಚರ್ಮದ ಹೊದಿಕೆಯುಳ್ಳ ಸೀಟುಗಳನ್ನು ಶುಚಿಗೊಳಿಸಿ, ಅವು ಬಣ್ಣಗೆಡದಂತೆ ಮತ್ತು ಬಿರುಕು ಬಿಡದಂತೆ ಕಾಪಾಡುವ ಕ್ರಮ. ಚರ್ಮಕ್ಕೆ ಆಗಾಗ ಎಣ್ಣೆ ಉಣಿಸಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಕುದುರೆಯ ಜೀನಿನಂತಹ ಲೇಪವಿಲ್ಲದ ಚರ್ಮಕ್ಕೆ ಒಪ್ಪುವ ಈ ಮಾತು ಇಂದಿನ ಕಾರುಗಳ ಆಸನಗಳಿಗೆ ಬಹುಮಟ್ಟಿಗೆ ಸಲ್ಲದು.

ಆಸನದ ಚರ್ಮ

ಆಸನಗಳಿಗೆ ಸಾಮಾನ್ಯವಾಗಿ ಹದಮಾಡಿದ ದನದ ತೊಗಲನ್ನು ಬಳಸುತ್ತಾರೆ. ಅದರ ಮೇಲೆ ಬಣ್ಣದ ಪದರ, ಅದಕ್ಕೂ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಲೇಪ ಇರುತ್ತದೆ. ಕುಳಿತವರ ಮೈಗೆ ತಾಗುವುದು ತೊಗಲಲ್ಲ, ಈ ಲೇಪ. ಹಚ್ಚಿದ ಎಣ್ಣೆ ಇದನ್ನು ದಾಟಿ ಒಳಗಿಳಿಯುವುದು ಅತ್ಯಲ್ಪ. ಮೇಲೆಯೇ ಉಳಿದು ಧೂಳನ್ನು ಹಿಡಿಯುತ್ತದೆ. ತೆಂಗಿನೆಣ್ಣೆ ಸವರುವ ರೂಢಿಯೂ ಈ ಕಾರಣದಿಂದ ಹಿತವಲ್ಲ. ಲೇಪವಿಲ್ಲದ 'ಅನಿಲಿನ್' ಚರ್ಮ ಕೆಲವು ದುಬಾರಿ ಕಾರುಗಳಲ್ಲಿ ಮಾತ್ರ ಕಂಡುಬರುತ್ತದೆ. ಮರೆಯಾದ ಮೂಲೆಯಲ್ಲಿ ಒಂದು ಹನಿ ನೀರಿಟ್ಟಾಗ ಅದು ಇಂಗಿ ಕಲೆ ಗಾಢವಾದರೆ ಚರ್ಮ ಈ ಬಗೆಯದೆಂದು ತಿಳಿಯಬಹುದು. ಅನೇಕ ಕಾರುಗಳಲ್ಲಿ ಕುಳಿತುಕೊಳ್ಳುವ ಭಾಗ ಮಾತ್ರ ಚರ್ಮವಾಗಿದ್ದು, ಸೀಟಿನ ಬದಿ ಮತ್ತು ಬೆನ್ನು ರೆಕ್ಸಿನ್‌ನಂತಹ ಕೃತಕ ವಸ್ತುವಿನವಾಗಿರುತ್ತವೆ.

ಶುಚಿಗೊಳಿಸುವಿಕೆ

ಲೇಪವನ್ನು ಸವೆಸುವುದು ಮುಖ್ಯವಾಗಿ ಬೆವರು, ಮೈಯ ಜಿಡ್ಡು, ಮರಳಿನ ಕಣ ಮತ್ತು ಉಜ್ಜಾಟ. ಹತ್ತಿ ಇಳಿಯುವಾಗ ಬಟ್ಟೆ ಉಜ್ಜುವುದರಿಂದ ಚಾಲಕನ ಆಸನದ ಬಾಗಿಲ ಕಡೆಯ ಅಂಚು ಎಲ್ಲಕ್ಕಿಂತ ಮೊದಲು ಹಾಳಾಗುತ್ತದೆ. ತಿಳಿಬಣ್ಣದ ಸೀಟುಗಳಿಗೆ ಜೀನ್ಸ್ ಬಟ್ಟೆಯ ನೀಲಿ ಹತ್ತುವುದೂ ಉಂಟು. ತಡಮಾಡಿದಷ್ಟೂ ಅದನ್ನು ತೆಗೆಯುವುದು ಕಷ್ಟ.

ಮೊದಲು ಹೊಲಿಗೆಯ ಸಂದುಗಳಲ್ಲಿನ ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಬೇಕು. ಅನಂತರ ಚರ್ಮಕ್ಕೆಂದೇ ತಯಾರಾದ ದ್ರಾವಣವನ್ನು ಮೃದುವಾದ ಬ್ರಷ್‌ಗೆ ಹಾಕಿಕೊಂಡು ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡಬೇಕು. ರಂಧ್ರಗಳಿರುವ ಸೀಟುಗಳ ಮೇಲೆ ನೇರವಾಗಿ ಸಿಂಪಡಿಸಬಾರದು. ದ್ರಾವಣ ಒಳಗಿನ ಸ್ಪಂಜಿಗೆ ಇಳಿಯುತ್ತದೆ. ಹದಮಾಡಿದ ಚರ್ಮ ಸ್ವಭಾವತಃ ತುಸು ಆಮ್ಲೀಯವಾದುದರಿಂದ ಬಟ್ಟೆ ಒಗೆಯುವ ಕ್ಷಾರೀಯ ಸಾಬೂನು ಒಗ್ಗದು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಲೇಪವನ್ನೇ ಕೆಡಿಸಬಲ್ಲದು.

ಕಂಡೀಷನರ್

ಲೇಪಿತ ಚರ್ಮದಲ್ಲಿ ಕಂಡೀಷನರಿನ ಪ್ರಯೋಜನ ಮೇಲ್ಮೈಯ ಉಜ್ಜಾಟವನ್ನು ತಗ್ಗಿಸುವಷ್ಟಕ್ಕೆ ಸೀಮಿತ. ಶುಚಿಯಾದ ಸೀಟಿಗೆ ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ ತೆಗೆದರೆ ಸಾಕು. ಸಿಲಿಕೋನ್ ಬೆರೆತ ಹೊಳಪಿನ ದ್ರವಗಳು ಸೀಟನ್ನು ಜಾರುವಂತೆ ಮಾಡುತ್ತವೆ. ಒಮ್ಮೆ ಬಿರಿದ ಲೇಪ ಯಾವ ಕಂಡೀಷನರಿನಿಂದಲೂ ಕೂಡಿಕೊಳ್ಳದು. ಬಿರುಕು ತುಂಬಿ ಮರಳಿ ಬಣ್ಣ ಕೊಡಿಸಬೇಕಾಗುತ್ತದೆ.

ಹವಾಮಾನದ ಪರಿಣಾಮ

ಬಿಸಿಲಿನಲ್ಲಿ ನಿಲ್ಲುವ ಕಾರಿನ ಗಾಜಿಗೆ ಮರೆ ಕಟ್ಟುವುದು ಒಳ್ಳೆಯದು. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಬಹುದಿನ ಮುಚ್ಚಿಟ್ಟ ಕಾರಿನ ಸೀಟುಗಳಿಗೆ ಬೂಷ್ಟು ಹಿಡಿಯುತ್ತದೆ. ಮಳೆ ಬಿಡುವಾದಾಗ ಬಾಗಿಲು ತೆರೆದು ಗಾಳಿಯಾಡಿಸುವುದು ಇದಕ್ಕೆ ಸುಲಭದ ತಡೆ.