ಕರುಳಿನ ಕಟ್ಟು: ಕಟ್ಟಿರುವೆಯಿಂದ ಉಪ್ಪುನೀರಿನವರೆಗೆ

ನಾವು ಕರುಳು ಎನ್ನುವುದನ್ನು ನೆರೆಯವರು ಕುಡಲ್, ಪೇಗು, ಆತಡೆ ಎನ್ನುತ್ತಾರೆ. ಅದರ ದಾರಿ ಮುಚ್ಚಿದಾಗಿನ ಸಂಕಟ ಮಾತ್ರ ಎಲ್ಲ ಭಾಷೆಯವರಿಗೂ ಒಂದೇ. ಅಲೆಯಲೆಯಾಗಿ ನೋವು, ವಾಂತಿ, ಉಬ್ಬಿದ ಹೊಟ್ಟೆ. ಮಲವಿಲ್ಲ, ವಾಯುವೂ ಇಲ್ಲ.

ಸುಶ್ರುತ ಸಂಹಿತೆ ಇದನ್ನು ಬದ್ಧಗುದೋದರ ಎಂದು ಕರೆಯಿತು. ಅಲ್ಲಿ ಹೇಳಿರುವ ಶಸ್ತ್ರಕ್ರಿಯೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೊಕ್ಕುಳ ಕೆಳಗೆ, ನಡುಗೆರೆಯಿಂದ ಎಡಕ್ಕೆ ನಾಲ್ಕು ಬೆರಳು ಬಿಟ್ಟು ಹೊಟ್ಟೆ ಕೊಯ್ಯಬೇಕು. ನಾಲ್ಕಂಗುಲ ಕರುಳನ್ನು ಹೊರಗೆಳೆದು ನೋಡಿ, ಅಡ್ಡವಾಗಿರುವ ಕಲ್ಲನ್ನೋ ಕೂದಲನ್ನೋ ತೆಗೆದು, ಜೇನು ತುಪ್ಪ ಸವರಿ, ಒಳಗಿಟ್ಟು ಹೊಲಿಯಬೇಕು. ಕರುಳು ತೂತಾಗಿದ್ದರೆ ಅಂಚುಗಳನ್ನು ಕೂಡಿಸಿ ಕಪ್ಪಿರುವೆಗಳಿಂದ ಕಚ್ಚಿಸಬೇಕು. ಕಚ್ಚಿದ ಮೇಲೆ ಮೈಯನ್ನು ಕಿತ್ತು ತಲೆಯನ್ನು ಹಾಗೆಯೇ ಬಿಡಬೇಕು. ಅದೇ ಹೊಲಿಗೆ! ಎಷ್ಟು ಜನ ಬದುಕಿದರೋ, ಗ್ರಂಥ ಹೇಳುವುದಿಲ್ಲ.

ಯುರೋಪಿನಲ್ಲಿ 19ನೆಯ ಶತಮಾನದಲ್ಲೂ ಪಾದರಸ ಕುಡಿಸುವವರಿದ್ದರು. ಅದರ ಭಾರಕ್ಕೆ ಕಟ್ಟು ಬಿಟ್ಟೀತೆಂಬ ಆಸೆ. ನಮ್ಮಲ್ಲಿ ಹರಳೆಣ್ಣೆ ಕುಡಿಸುವುದೂ ಅದೇ ಜಾತಿಯ ಆಸೆ. ಮುಚ್ಚಿದ ಕರುಳಿಗೆ ಭೇದಿಮದ್ದು ಕೊಟ್ಟರೆ ಅದು ಒಡೆಯುವ ಅಪಾಯವುಂಟು.

ಆಮೇಲೆ ಕ್ಲೋರೋಫಾರ್ಮ್ ಬಂತು, ಕ್ರಿಮಿನಾಶಕ ಬಂತು. 1884ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ರೀವ್ಸ್ ಈ ರೋಗದ ಮೇಲೆಯೇ ಪುಸ್ತಕ ಬರೆದ. ಗಂಟನ್ನು ಬಿಡಿಸುವುದು ಸಾಧ್ಯವಾಯಿತು. ಆದರೂ ಅನೇಕ ರೋಗಿಗಳು ಸತ್ತರು. ಕಟ್ಟಿನಿಂದ ಒಳಗೇ ವಿಷ ಹುಟ್ಟುತ್ತದೆಂದು ಬಹಳ ಮಂದಿ ನಂಬಿದ್ದರು.

ಉತ್ತರದ ದೊಡ್ಡ ಭಾಗ ನೀರಿನಲ್ಲಿತ್ತು. ದಿನವೊಂದಕ್ಕೆ ಏಳೆಂಟು ಲೀಟರ್ ಜೀರ್ಣರಸ ನಮ್ಮೊಳಗೆ ಸುರಿಯುತ್ತದೆ, ಹೆಚ್ಚಿನದನ್ನು ಕರುಳೇ ಮತ್ತೆ ಹೀರಿಕೊಳ್ಳುತ್ತದೆ. ದಾರಿ ಮುಚ್ಚಿದಾಗ ಅದು ಒಳಗೆ ನಿಲ್ಲುತ್ತದೆ, ಇಲ್ಲವೆ ವಾಂತಿಯಾಗಿ ಹೋಗುತ್ತದೆ, ರಕ್ತ ಬತ್ತುತ್ತದೆ. 1912ರಲ್ಲಿ ಅಮೆರಿಕದ ಹಾರ್ಟ್‌ವೆಲ್ ಮತ್ತು ಹೋಗೆ, ಕರುಳು ಕಟ್ಟಿದ ನಾಯಿಗಳಿಗೆ ಉಪ್ಪುನೀರು ಕೊಟ್ಟು ನೋಡಿದರು. ಕಟ್ಟು ಹಾಗೆಯೇ ಇದ್ದರೂ ಅವು ಹೆಚ್ಚು ದಿನ ಬದುಕಿದವು. 1930ರ ದಶಕದ ಆರಂಭದಲ್ಲಿ ಮಿನೆಸೋಟದ ವಾಂಗೆನ್‌ಸ್ಟೀನ್ ಮೂಗಿನಿಂದ ರಬ್ಬರ್ ನಳಿಕೆ ಇಳಿಸಿ, ತುಂಬಿದ ಗಾಳಿ ನೀರನ್ನು ಹೊರಗೆಳೆದ. ಹೊಟ್ಟೆ ಉಬ್ಬಿಸುವ ಗಾಳಿಯಲ್ಲಿ ಬಹುಪಾಲು ನಾವೇ ನುಂಗಿದ್ದೆಂದು ತೋರಿಸಿದವನೂ ಅವನೇ.

ಒಂದು ಉಪ್ಪುನೀರು, ಒಂದು ರಬ್ಬರ್ ಕೊಳವೆ! ಕತ್ತಿಯ ಕೀರ್ತಿ ಇವಕ್ಕೆ ಸಿಗಲಿಲ್ಲ. ಹಳೆಯ ಶಸ್ತ್ರಕ್ರಿಯೆಯ ಅಂಟಿನಿಂದಾದ ಕಟ್ಟು ಎಷ್ಟೋ ಸಲ ಇವೆರಡರಿಂದಲೇ ಬಿಡುತ್ತದೆ. ಕರುಳು ತಿರುಚಿ ರಕ್ತ ನಿಂತಿದ್ದರೆ ಮಾತ್ರ ಶಸ್ತ್ರಕ್ರಿಯೆಗೆ ಗಂಟೆಗಳ ಲೆಕ್ಕ. ಬೆಳಗಿನ ಮೊದಲ ಬಸ್ಸಿಗಾಗಿ ಕಾಯುವಂತಿಲ್ಲ.